ಕೊಟ್ಟಾರದ ಇಳಿಜಾರಿನಲ್ಲಿ ನೀಲಿ ನೀರು

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಮಂಗಳೂರಿನ ಬೋಳಾರದ ನಮ್ಮ ಮನೆಯ ಶೋಕೇಸಿನಲ್ಲಿವೆ. ಅವುಗಳಲ್ಲಿ ದೊಡ್ಡದರೊಳಗೆ ಅಮ್ಮ ಸೇಫ್ಟಿ ಪಿನ್ನುಗಳನ್ನು ಹಾಕಿಡುತ್ತಾರೆ. ಸಿವಿಲ್ ಡಿಪ್ಲೊಮಾ ಮುಗಿದ ಮೇಲೆ ರಸ್ತೆ ರಿಪೇರಿಯ ಕಂಟ್ರಾಕ್ಟರರ ಹತ್ತಿರ ಅಪ್ರೆಂಟಿಸ್ ಆಗಿ ಸೇರುತ್ತೇನೆ ಎಂದ ದಿನ ಅಮ್ಮ ಆ ಕಪ್ಪಿನಿಂದಲೇ ಒಂದು ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಾ, "ಇಷ್ಟು ಮಾತಾಡ್ಲಿಕ್ಕೆ ಬರುವವಳು ಗುಂಡಿ ಮುಚ್ಚಲಿಕ್ಕೆ ಹೋಗುದಾ? ವಕೀಲೆ ಆಗ್ಬಹುದಿತ್ತು" ಎಂದರು.

"ವಕೀಲರು ಕೋರ್ಟಿಗೆ ಹೋಗುದು ರಸ್ತೆಯಲ್ಲೇ ಅಲ್ವಾ ಅಮ್ಮಾ?"

"ನಿನ್ನ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ."

ನಮ್ಮ ಮನೆಯಲ್ಲಿ ಚರ್ಚೆ ಮುಗಿಯುವುದು ಈ ವಾಕ್ಯದಿಂದ. ಗೆದ್ದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕೆಲಸ ಕಲಿಸಿದವರು ನಮ್ಮ ಗ್ಯಾಂಗಿನ ಮೇಸ್ತ್ರಿ. ತಮ್ಮ ಕೈಯಲ್ಲಿ ಮುಚ್ಚಿದ ಗುಂಡಿಗಳ ಮೇಲೆ ಹೋಗುವಾಗ ಸ್ಕೂಟರನ್ನು ನಿಧಾನ ಮಾಡಿ, ಹಿಂದೆ ಕೂತವರಿಗೆ ತೋರಿಸುವ ಮನುಷ್ಯ. ಮೊದಲ ದಿನ ಕಂಕನಾಡಿಯ ಮಾರುಕಟ್ಟೆಯ ಹತ್ತಿರ ಒಂದು ಗುಂಡಿಯ ಸುತ್ತ ಸುಣ್ಣದಲ್ಲಿ ಚೌಕ ಎಳೆದು, ಗುಂಡಿಗಿಂತ ದೊಡ್ಡದಾಗಿ ಕಡಿಯಲು ಹೇಳಿದರು. ಇರುವುದನ್ನು ಮುಚ್ಚಲು ಬಂದವರು ಇನ್ನಷ್ಟು ತೋಡುವುದೆಂತಕ್ಕೆ ಎಂದು ನಾನು ಕೇಳಿದೆ. "ಹುಳುಕು ಹಲ್ಲಿಗೆ ಡಾಕ್ಟ್ರು ಎಂತ ಮಾಡ್ತಾರೆ? ಹಾಗೇ ಸಿಮೆಂಟು ತುಂಬ್ತಾರಾ?" ಎಂದರು. ಉದಾಹರಣೆ ಸರಿಯಾಗಿತ್ತು, ಒಪ್ಪಿಕೊಂಡೆ. ಸಡಿಲವಾದ ಅಂಚನ್ನೆಲ್ಲ ಕಡಿದು, ಧೂಳು ಗುಡಿಸಿ, ಗುಂಡಿಯ ಗೋಡೆ ನೇರ ನಿಲ್ಲಿಸಿ, ತೆಳುವಾಗಿ ಟಾರು ಬಳಿದು, ಜಲ್ಲಿ ಸುರಿದು, ಪದರ ಪದರವಾಗಿ ದಮ್ಮಸು ಹೊಡೆಯಬೇಕು. ದಮ್ಮಸು ಎಂದರೆ ಹಿಡಿ ಇರುವ ಕಬ್ಬಿಣದ ತೂಕ; ಎತ್ತಿ ಕುಟ್ಟಬೇಕು. ಮೊದಲ ವಾರ ಮನೆಗೆ ಬಂದರೆ ಊಟದ ತುತ್ತು ಎತ್ತಲೂ ಭುಜ ಒಪ್ಪುತ್ತಿರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ, ಕುಟ್ಟಿದ ಶಬ್ದ ಕೇಳಿಯೇ ಒಳಗೆ ಟೊಳ್ಳು ಉಳಿದಿದೆಯೋ ಇಲ್ಲವೋ ಹೇಳುವಷ್ಟು ಕಿವಿ ಪಳಗಿತು.

ಜಗಳ ಶುರುವಾದದ್ದು ಕೊಟ್ಟಾರದ ಗುಂಡಿಯಿಂದ. ಹೆದ್ದಾರಿಯಿಂದ ಒಳಗೆ ತಿರುಗಿದರೆ ಒಂದು ಇಳಿಜಾರು ರಸ್ತೆ. ಅದರ ನಡುವೆ, ಒಂದು ದೊಡ್ಡ ಮನೆಯ ಗೇಟಿನ ಎದುರು, ಪ್ರತಿ ಮಳೆಗಾಲ ಅದೇ ಜಾಗದಲ್ಲಿ ರಸ್ತೆ ಬಾಯಿ ತೆರೆಯುತ್ತಿತ್ತು. ನಾವು ಬೇಸಿಗೆಯಲ್ಲಿ ಮುಚ್ಚಿದ್ದು ಮೇ ತಿಂಗಳ ಒಂದೇ ಮಳೆಗೆ ಎದ್ದು ಹೋಯಿತು. ಆ ದಾರಿಯ ಸಿಟಿ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ, "ಅಕ್ಕಾ, ಮೀನು ಬಿಟ್ಟಿದ್ದೀರಾ? ಹಿಡಿಯುವಾಗ ನಮಗೂ ಹೇಳಿ!" ಎಂದು ಕೂಗಿದ. ಬಸ್ಸಿಡೀ ನಕ್ಕಿತು.

ಗುಂಡಿ ಬೀಳಲು ಬಸ್ಸುಗಳು ಬ್ರೇಕ್ ಹಾಕುವುದೇ ಕಾರಣ ಎಂದರು ಮೇಸ್ತ್ರಿ.

"ಬಸ್ಸು ಬ್ರೇಕ್ ಹಾಕುದು ಎಂತಕ್ಕೆ?" ನಾನು ಕೇಳಿದೆ.

"ಗುಂಡಿ ಉಂಟಲ್ಲ, ಅದಕ್ಕೆ."

"ಗುಂಡಿ ಆದದ್ದು?"

"ಬ್ರೇಕಿಗೆ." ಹೇಳಿದ ಮೇಲೆ ಅವರಿಗೇ ಕೇಳಿಸಿತು. "ನೀನೊಬ್ಬಳು ಮಾರಾಯ್ತಿ! ಕೆಲಸ ಮಾಡು, ವಕೀಲರ ಹಾಗೆ ಕ್ರಾಸ್ ಮಾಡ್ಬೇಡ."

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕು ಸುಲಭವಿತ್ತು. ಕಂಟ್ರಾಕ್ಟರರ ಇಂಜಿನಿಯರ್ ಸೈಟಿಗೆ ಬಂದಾಗ ನಾನು ಅವರನ್ನೂ ಕೇಳಿದೆ: "ಸರ್, ಪ್ರತಿ ವರ್ಷ ಅದೇ ಗುಂಡಿಯನ್ನು ಹಾಗೆಯೇ ಮುಚ್ಚುದಾದ್ರೆ ಅದು ರಿಪೇರಿಯಾ, ವ್ರತವಾ?"

ಅವರು ಕನ್ನಡಕ ಒರೆಸಿಕೊಂಡರು. ಹುಡುಗಿ ಬಿಸಿಲಲ್ಲಿ ಎಷ್ಟು ದಿನ ನಿಂತಾಳು, ಆಫೀಸಿನಲ್ಲಿ ಬಿಲ್ಲು ಟೈಪ್ ಮಾಡಲು ಜನ ಬೇಕು ಎಂಬುದು ಅವರ ಮೊದಲಿನಿಂದಲೂ ಇದ್ದ ಅಭಿಪ್ರಾಯ. "ಸರಿ. ಈ ಗುಂಡಿ ನಿನ್ನದು. ಆಟಿ ಮುಗಿಯುವವರೆಗೆ ನಿಂತ್ರೆ ನೀನು ರಸ್ತೆಯಲ್ಲಿ ಇರು. ಎದ್ದು ಹೋದ್ರೆ ಮರುದಿನ ಆಫೀಸಿಗೆ ಬಾ, ಫ್ಯಾನಿನಡಿ ಕೂತ್ಕೋ."

ಆಟಿ ಎಂದರೆ ನಮ್ಮ ತುಳುನಾಡಿನ ಕಡು ಮಳೆಯ ತಿಂಗಳು. ನೆಟ್ಟಗಿರುವ ರಸ್ತೆಯೇ ಆಗ ನಿಲ್ಲುವುದು ಕಷ್ಟ.

ನಾನು ಮೂರ್ನಾಲ್ಕು ದಿನ ಗುಂಡಿಯನ್ನು ಬಿಟ್ಟು ಅದರ ಸುತ್ತಮುತ್ತ ನೋಡಿದೆ. ಮೇಲಿನಿಂದ ರಸ್ತೆಯ ಬದಿಯಲ್ಲಿ ಚರಂಡಿ ಚಂದವಾಗಿ ಇಳಿದು ಬರುತ್ತದೆ. ದೊಡ್ಡ ಮನೆಯ ಗೇಟಿನ ಎದುರು ಕಾರು ನಿಲ್ಲಿಸಲೆಂದು ಅದರ ಮೇಲೆ ಚಪ್ಪಡಿ ಹಾಕಿ, ಇಂಟರ್‌ಲಾಕ್ ಕಲ್ಲು ಕೂರಿಸಿದ್ದಾರೆ. ನೀರು ಅದರಡಿ ನುಗ್ಗುತ್ತದೆ. ಕೆಳಗಿನ ತುದಿಯಲ್ಲಿ ಒಂದು ತೊಟ್ಟೂ ಹೊರಬರುವುದಿಲ್ಲ. ಒಳಗೆ ಹೋದದ್ದು ಹೊರಗೆ ಬರಲಿಲ್ಲವೆಂದರೆ ಎಲ್ಲಿಗೋ ಹೋಗಿರಲೇಬೇಕು. ರಸ್ತೆಯ ಅಡಿಗೆ ಎಂಬುದು ನನ್ನ ವಾದ.

ಮನೆಯ ಯಜಮಾನರು ಹಳೆಯ ಭೂಮಾಲಕರ ಕುಟುಂಬದವರು, ಈಗ ಹೋಟೆಲು ನಡೆಸುತ್ತಾರೆ. ಊರೆಲ್ಲ ಧಣಿ ಎಂದೇ ಕರೆಯುವುದು. ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು ಗೇಟಿಗೆ ಬಂದು ನನ್ನ ಮಾತನ್ನೆಲ್ಲ ಕೇಳಿದರು. "ನೀರು ಭೂಮಿಗೆ ಇಂಗ್ತದೆ ಮಗಾ. ಇಂಗು ಗುಂಡಿ ಮಾಡಿ ಅಂತ ಸರ್ಕಾರವೇ ಹೇಳುದಿಲ್ವಾ? ನಾನು ಪುಕ್ಕಟೆ ಪರಿಸರ ಸೇವೆ ಮಾಡ್ತಾ ಇದ್ದೇನೆ."

ಒಳ್ಳೆಯ ಎದುರಾಳಿ. ಬಹಳ ದಿನಗಳ ನಂತರ ನನಗೆ ಖುಷಿಯಾಯಿತು.

"ತೋರಿಸಿದ್ರೆ ಕಲ್ಲು ತೆಗೆಯಲಿಕ್ಕೆ ಬಿಡ್ತೀರಾ ಧಣೀ?"

"ತೋರಿಸು ನೋಡುವ."

ಮರುದಿನ ಬೆಳಿಗ್ಗೆ ನಾನು ಒಂದು ಬಕೆಟಿಗೆ ಕುಂಕುಮ ಕಲಸಿ, ಗ್ಯಾಂಗಿನ ಟ್ಯಾಂಕರಿನ ನೀರಿನ ಜೊತೆ ಮೇಲಿನ ಚರಂಡಿಗೆ ಸುರಿದೆ. ಕೆಳಗೆ ಗುಂಡಿಯಲ್ಲಿ ಕೆಂಪು ನೀರು ಉಕ್ಕಿತು. ನಾನು ಕೈ ಎತ್ತಿ ಕುಣಿಯುವಷ್ಟರಲ್ಲಿ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಮಂಗಳೂರಿನಲ್ಲಿ ಕೆಂಪು ನೀರು ಸಾಕ್ಷಿಯಾ ಮಾರಾಯ್ತಿ? ಈ ಮಣ್ಣಿನಲ್ಲಿ ಹಾಲು ಸುರಿದ್ರೂ ಕೆಂಪೇ ಬರುದು!"

ಧಣಿ ಪಂಚೆ ಕೊಡವಿಕೊಂಡು ಒಳಗೆ ಹೋದರು. ಕೆಂಪು ಮುರಕಲ್ಲಿನ ಊರಿನಲ್ಲಿ ಹುಟ್ಟಿ, ಮಳೆಗಾಲದಲ್ಲಿ ಕೆಂಪು ಕಲೆ ಹತ್ತಿದ ಸಮವಸ್ತ್ರದಲ್ಲೇ ಶಾಲೆ ಮುಗಿಸಿದವಳಿಗೆ ಇದು ಹೊಳೆಯದೆ ಹೋದದ್ದು ಹೇಗೋ! ಆ ಕಲೆಗಳನ್ನು ತೆಗೆಯಲು ಅಮ್ಮ ಪಡುತ್ತಿದ್ದ ಪಾಡು ನೆನಪಾದಾಗಲೇ ಉತ್ತರವೂ ಸಿಕ್ಕಿತು. ಬಿಳಿ ಬಟ್ಟೆಗೆ ಹಾಕುವ ನೀಲಿ. ಅಂಗಡಿಯಿಂದ ಸಿಕ್ಕಷ್ಟು ಬಾಟಲಿ ತಂದೆ.

ಭಾನುವಾರ ಬೆಳಿಗ್ಗೆ ಎರಡನೇ ಸುತ್ತು. ಈ ಸಲ ಸುದ್ದಿ ಹಬ್ಬಿ, ನೆರೆಮನೆಯವರು ಚಹಾದ ಲೋಟ ಹಿಡಿದೇ ಗೇಟಿಗೆ ಬಂದಿದ್ದರು. ನೀಲಿ ಸುರಿದು, ಹಿಂದೆಯೇ ಟ್ಯಾಂಕರಿನ ಪೈಪು ಬಿಟ್ಟೆವು. ಸ್ವಲ್ಪ ಹೊತ್ತು ಗುಂಡಿಯಲ್ಲಿ ಹಳೆಯ ಕೆಂಪು ನೀರೇ ಮಿಸುಕಾಡಿತು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಆಮೇಲೆ, ಗುಂಡಿಯ ಬಲಮೂಲೆಯಿಂದ, ಒಂದು ನೀಲಿ ಎಳೆ ಹೊರಟು, ನೋಡುತ್ತಿದ್ದ ಹಾಗೆಯೇ ಅಗಲವಾಗಿ, ಗುಂಡಿಯಿಡೀ ತುಂಬಿತು.

"ಯಾರೋ ಬಟ್ಟೆ ಒಗೆದದ್ದು ಬಂದಿರ್ಬೇಕು" ಎಂದರು ಧಣಿ.

"ಯಾರ ಮನೆಯಲ್ಲಿ ಧಣೀ, ಒಂದೇ ಸಲ ಇಷ್ಟು ನೀಲಿ? ನಿಮ್ಮ ಪಂಚೆಗೂ ಇಷ್ಟು ಬೇಡ!"

ಮೊದಲು ನಕ್ಕದ್ದು ಅವರ ಹೆಂಡತಿ, ಒಳಗಿನ ಜಗುಲಿಯಿಂದ. ಆಮೇಲೆ ಚಹಾದ ಲೋಟಗಳೆಲ್ಲ ನಕ್ಕವು. ಕೊನೆಗೆ ಧಣಿಯೂ ನಕ್ಕು, ಪಂಚೆ ಎತ್ತಿ ಕಟ್ಟಿ ಹೇಳಿದರು: "ಆಯ್ತು, ತೆಗೀರಿ. ಆದ್ರೆ ಒಂದು ಕಲ್ಲೂ ಒಡೀಬಾರ್ದು."

ಚಪ್ಪಡಿಯಡಿ ಇದ್ದದ್ದನ್ನು ನೋಡಿ ಎಲ್ಲರೂ ಮೂಗು ಮುಚ್ಚಿದರು. ಒಣ ತೆಂಗಿನ ಗರಿ, ಪ್ಲಾಸ್ಟಿಕ್ಕು, ಎಲ್ಲದರ ಮೇಲೆ ಇಂಟರ್‌ಲಾಕ್ ಹಾಕಿದವರೇ ಸುರಿದು ಹೋದ ಸಿಮೆಂಟು ಕಲ್ಲಾಗಿ ಕೂತಿತ್ತು. ದಾರಿ ಸಿಗದ ನೀರು ಚರಂಡಿಯ ರಸ್ತೆ ಕಡೆಯ ಗೋಡೆಯನ್ನು ಒಡೆದುಕೊಂಡು ಹೋಗಿತ್ತು. ಗೋಡೆ ಕಟ್ಟಿದೆವು, ಚರಂಡಿ ಬಿಡಿಸಿದೆವು. ಇನ್ನು ಮುಂದೆ ಎತ್ತಿ ನೋಡಲು ಬರಲಿ ಎಂದು ನಾನು ಹಠ ಹಿಡಿದು ಚಪ್ಪಡಿಗಳಿಗೆ ಕಬ್ಬಿಣದ ಕೊಂಡಿ ಹಾಕಿಸಿದೆ. ಬಿಸಿಲು ಬಂದ ದಿನಗಳಲ್ಲಿ ಗುಂಡಿ ಒಣಗಿಸಿ, ಚೌಕ ಕಡಿದು, ಎಲ್ಲ ಪದರಗಳಿಗೂ ನಾನೇ ದಮ್ಮಸು ಹೊಡೆದೆ. ಮೇಸ್ತ್ರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟು, "ಅಲ್ಲಿ ಟೊಳ್ಳು, ಇನ್ನೊಂದು ಹೊಡಿ" ಎನ್ನುತ್ತಿದ್ದರು.

"ಅಲ್ಲಿ ಟೊಳ್ಳಿಲ್ಲ" ಎಂದೆ ಒಂದು ಸಲ.

ಅವರು ದಮ್ಮಸು ಕಸಿದುಕೊಂಡು ತಾವೇ ಕುಟ್ಟಿ ಕೇಳಿದರು. ವಾಪಸು ಕೊಟ್ಟರು. ಮುಂದಿನ ಮೂಲೆಗೆ ಸರಿದು ಕೂತರು.

ಆಟಿ ಬಂತು. ಮಳೆ ಜೋರಾದ ದಿನಗಳಲ್ಲೆಲ್ಲ ನನಗೆ ಆಫೀಸಿನ ಫ್ಯಾನು ತಿರುಗುವ ಶಬ್ದ ಕೇಳಿಸುತ್ತಿತ್ತು. ಬೋಳಾರದಿಂದ ಎರಡು ಬಸ್ಸು ಬದಲಿಸಿ, ಕೊಡೆ ಹಿಡಿದು ಹೋಗಿ ನೋಡಿ ಬರುತ್ತಿದ್ದೆ. "ಯಾರನ್ನು ನೋಡ್ಲಿಕ್ಕೆ ಹೋಗುದು ಇವಳು?" ಎಂದು ಅಮ್ಮನಿಗೆ ಬೇರೆಯೇ ಸಂಶಯ. ಒಂದು ದಿನ ಕರಕೊಂಡು ಹೋಗಿ ತೋರಿಸಿದೆ. ಸುರಿವ ಮಳೆಯಲ್ಲಿ ಅವರು ಆ ಕಪ್ಪು ಚೌಕವನ್ನು ನೋಡಿ, ಕೆಳಗಿನ ತುದಿಯಲ್ಲಿ ಚರಂಡಿಯಿಂದ ಭೋರ್ಗರೆದು ಹೊರಬರುತ್ತಿದ್ದ ನೀರನ್ನು ನೋಡಿ, ಕೊಡೆಯ ಕೆಳಗಿಂದ ಕೈ ಚಾಚಿ ನನ್ನ ತಲೆಯ ಮೇಲಿನ ಹನಿ ಒರೆಸಿದರು.

ಆಟಿ ಮುಗಿದ ಮೇಲೆ ಇಂಜಿನಿಯರ್ ಬಂದರು. ಚೌಕದ ಮೇಲೆ ನಿಂತು ಬೂಟಿನಿಂದ ಕುಟ್ಟಿದರು, ಅಂಚಿನ ಉದ್ದಕ್ಕೂ ಬೆರಳಾಡಿಸಿದರು, ಕೊಂಡಿ ಹಿಡಿದು ಚಪ್ಪಡಿ ಎತ್ತಿಸಿ ಬಗ್ಗಿ ನೋಡಿದರು. "ಬಿಲ್ಲಿಗೆ ಬೇರೆ ಜನ ಹುಡುಕ್ತೇನೆ" ಎಂದರು.

"ನಾನು ಕಲಿಸಿದ ಹುಡುಗಿ ಸರ್" ಎಂದರು ಮೇಸ್ತ್ರಿ, ಯಾರೂ ಕೇಳದೆಯೇ.

ಅಷ್ಟರಲ್ಲಿ ಬಸ್ಸು ಬಂತು. ಬ್ರೇಕ್ ಹಾಕದೆ, ಕುಲುಕದೆ, ನನ್ನ ಚೌಕದ ಮೇಲೆ ಸರ್ರನೆ ಹಾದುಹೋಯಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ, "ಅಕ್ಕಾ, ನಮ್ಮ ಮೀನೆಲ್ಲ ಎಲ್ಲಿ ಹೋಯ್ತು?" ಎಂದು ಕೂಗಿದ.

"ಸಾರು ಮಾಡಿ ಆಯ್ತು!" ನಾನೂ ಕೂಗಿದೆ.

ಗೇಟು ತೆರೆದ ಸದ್ದಾಯಿತು. ಬಿಳಿ ಪಂಚೆಯ ಧಣಿ ಹೊರಗೆ ಬಂದು ಬಸ್ಸು ಹೋದ ದಿಕ್ಕಿಗೆ ಕೈ ತೋರಿಸಿದರು. "ನೋಡಿದ್ಯಾ ಮಗಾ? ವಿಮಾನದ ಹಾಗೆ ಹೋಗ್ತಾನೆ. ಮೊದಲಾದ್ರೆ ಗುಂಡಿಗೆ ಹೆದರಿ ನಿಧಾನ ಹೋಗ್ತಿದ್ದ. ಈಗ ನೀನೇ ಇಲ್ಲಿ ಒಂದು ಹಂಪ್ ಹಾಕಿಸಿ ಕೊಡ್ಬೇಕು."

ಮೇಸ್ತ್ರಿ ನನ್ನ ಮುಖ ನೋಡಿ, ಇನ್ನು ಚರ್ಚೆ ಶುರುವಾಗುತ್ತದೆಂದು ಅರ್ಥ ಮಾಡಿಕೊಂಡು, ಮೆಲ್ಲನೆ ಸ್ಕೂಟರಿನ ಕಡೆ ಸರಿದರು. ನಾನು ಹೆಲ್ಮೆಟ್ ತೆಗೆದು ಧಣಿಯ ಗೇಟಿನ ಕಟ್ಟೆಯ ಮೇಲೆ ಆರಾಮವಾಗಿ ಕುಳಿತೆ.

"ಹಂಪ್ ಎಂತಕ್ಕೆ ಬೇಕು, ಒಂದೊಂದೇ ಕಾರಣ ಹೇಳಿ ಧಣೀ. ನನಗೆ ಆಫೀಸಿಗೆಲ್ಲ ಹೋಗ್ಲಿಕ್ಕಿಲ್ಲ, ಸಮಯ ಉಂಟು."