ಅಗಸಿಯಿಂದ ಹೊರಟ ಸೆರಗು

ಮೊನ್ನೆ ಮಗ್ಗದ ಪಕ್ಕದ ಗೂಡು ಝಾಡಿಸುವಾಗ ಸೆರಗಿನ ನಮೂನೆಗೆಂದು ತೂತು ಕೊರೆದ ಹಳೆಯ ರಟ್ಟೊಂದು ಕೈಗೆ ಬಂತು. ಅದರ ಬೆನ್ನಿಗೆ ನೀಲಿ ಶಾಯಿಯಲ್ಲಿ /d/seragu/hale ಎಂದಿತ್ತು. ಅಕ್ಕೋರ ಅಕ್ಷರ!

ಅಕ್ಕೋರು ಮುಂಡರಗಿಯಿಂದ ಬಸ್ಸಿನಲ್ಲಿ ಬೆಟಗೇರಿಗೆ ಬಂದು ನಮ್ಮ ಓಣಿಯವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಚೀಲದಲ್ಲಿ ಪೆನ್ ಡ್ರೈವಿನ ಜೊತೆ ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಇದ್ದೇ ಇರುತ್ತಿತ್ತು.

ತೀರಿಹೋದ ನಮ್ಮವ್ವ ಬರೆದ ಸೆರಗಿನ ನಮೂನೆಗಳು ನನ್ನ ಕಂಪ್ಯೂಟರಿನಲ್ಲಿದ್ದವು. ಕಾಗದದ ಮೇಲಿದ್ದವನ್ನು ಗೆದ್ದಲು ತಿಂದಿತ್ತು. ಅಂಥದ್ದರಲ್ಲಿ ಹಾರ್ಡ್ ಡಿಸ್ಕು ಕಟಕಟ ಎನ್ನತೊಡಗಿತು. ನಕಲು ಮಾಡಲು ಹೋದರೆ ವಿಂಡೋಸ್ ಒಂದು ಕೆಟ್ಟ ಫೈಲಿನ ಹತ್ತಿರ ಬಂದು ಕೈಚೆಲ್ಲಿ ಕೂರುತ್ತಿತ್ತು. ಕೆಟ್ಟದ್ದನ್ನು ಬಿಟ್ಟು ಮುಂದೆ ಸಾಗುವ ಯುನಿಕ್ಸ್ ಸಲಕರಣೆಯೊಂದನ್ನು ಅಕ್ಕೋರು ಹಾಕಿಕೊಟ್ಟರು. ಕಪ್ಪು ಪರದೆ ತೆರೆಯಿತು. ನಾನೋ ಭಾರಿ ಜಾಣೆ... ವಿಂಡೋಸ್ ತೋರಿಸಿದ D:\seragu\hale ಎಂಬುದನ್ನೇ ಒತ್ತಿದೆ. ಅದು ಓರೆಗೆರೆಗಳನ್ನು ನುಂಗಿ, ಹೆಸರುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಅಂಥದ್ದು ಯಾವುದೂ ಇಲ್ಲ ಎಂದಿತು. ಎಲ್ಲ ಹೋಯಿತೆಂದು ಅತ್ತೇಬಿಟ್ಟೆ.

ಅಕ್ಕೋರು ನಕ್ಕರು. "ಅಳಬ್ಯಾಡ ಯವ್ವಾ, ಎಲ್ಲಿಗೂ ಹೋಗಿಲ್ಲ ಅದು. ವಿಂಡೋಸ್‌ನ್ಯಾಗ ಸಿ ಒಂದೂರು, ಡಿ ಒಂದೂರು. ಇದಕ್ಕ ಇರೂದ ಒಂದ ಊರು, ಒಂದ ಅಗಸಿ ಬಾಗಲಾ, ಮೊದಲನೇ ಓರೆಗೆರಿನ ಆ ಬಾಗಲಾ. ಡಿ ಅನ್ನೂದು ಅದರಾಗಿನ ಓಣಿ. ಅಗಸಿಯಿಂದ ಹೊಂಡು, ಎಡಕ್ಕ ವಾಲಿದ ಗೆರಿ ಬಲಕ್ಕ ವಾಲಿಸು."

ಕೈಗೆ ಸಿಕ್ಕ ರಟ್ಟಿನ ಮೇಲೆ ಬರೆದೂ ಕೊಟ್ಟರು. ಹಾಗೇ ಒತ್ತಿದೆ. ಅಬ್ಬಾ! ಒಂದೊಂದೇ ಫೈಲು ಹೊಸ ಡಿಸ್ಕಿಗೆ ನಕಲಾಗುತ್ತ, ಪರದೆಯ ತುಂಬ ಹೆಸರುಗಳು ದಡದಡ ಇಳಿಯತೊಡಗಿದವು. ಕಮಲ, ಹಣಿಗೆ, ಬಳ್ಳಿ... ಎರಡು ಕೆಟ್ಟಿದ್ದವು, ಅವನ್ನು ಬಿಟ್ಟು ಮುಂದೆ ಓಡಿತು.

"ಬಂತ್ರೀ ಅಕ್ಕೋರ, ನಮ್ಮವ್ವನ ನವಿಲು ಬಂತ್ರೀ!" ಎಂದು ಕುರ್ಚಿಯಿಂದ ಎದ್ದು ಕುಣಿದೆ.

"ಆ ನವಿಲಿನ ಸೀರಿ ನೇದ್ರ ಮೊದಲನೇದು ನನಗ. ಬ್ಯಾರೆದವರಿಗೆ ಕೊಟ್ಟೀ ನೋಡು!" ಎಂದರು ಅವರು, ಗಿರ್ಮಿಟ್ಟಿನ ಪೊಟ್ಟಣ ಬಿಚ್ಚುತ್ತ.

ಆಗಲಿ ಎಂದಿದ್ದೆ. ಆದರೆ ಬೇರೆ ಬೇರೆ ಸೀರೆಗಳ ಗಡಿಬಿಡಿಯಲ್ಲಿ ನವಿಲು ಹಿಂದೆ ಬೀಳುತ್ತಲೇ ಹೋಯಿತು... ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು.

ರಟ್ಟು ಸಿಕ್ಕ ದಿನವೇ ಆ ನಕಲಿನಿಂದ ನವಿಲನ್ನು ತೆರೆದೆ. ಒಂದು ಗೆರೆಯೂ ಅಳಿಸಿರಲಿಲ್ಲ! ಈಗ ಮಗ್ಗದ ಮೇಲೆ ಅದರ ಕೊರಳು ಏಳುತ್ತಿದೆ, ನೋಡಿದಷ್ಟೂ ಖುಷಿ, ನೋಡಿದಷ್ಟೂ ಸಂಕಟ. ಬಂದವರೆಲ್ಲ ಈ ಸೀರೆ ಯಾರಿಗೆ ಎಂದು ಕೇಳುತ್ತಾರೆ. "ಅಕ್ಕೋರದೈತ್ರಿ" ಎನ್ನುತ್ತೇನೆ.