ಕಪ್ಪೆಚಿಪ್ಪಿನಲ್ಲಿ ಸಿಕ್ಕ ನೀಲಿ ನೂಲು

ಹರಿದ ಬಲೆ ಹೊಲಿದುಕೊಡುವ ಸೂಜಿಯಕ್ಕ ಹಾಲು ಕೊಟ್ಟರೆ ನೀರು ಹುಡುಕುವವಳು, ನೀರು ಕೊಟ್ಟರೆ ಲೋಟ ಮೂಸಿ ನೋಡುವವಳು. ಸತ್ತ ಗಂಡನ ಗೊರಕೆಯೂ ಅರ್ಧ ನಾಟಕವಾಗಿತ್ತೆಂದು ಅವಳ ವಾದ. ಕಣ್ಣು ಮುಚ್ಚಿ ನಂಬಿದ್ದು ತಂಗಿಯೊಬ್ಬಳನ್ನೇ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ದೋಣಿಕಟ್ಟೆಯ ಕಂಬಗಳಿಗೆ ಅಂಟಿದ ಕಪ್ಪೆಚಿಪ್ಪು ಕಿತ್ತು ಮಾರುಕಟ್ಟೆಯಲ್ಲಿ ಮಾರುವುದು ಆ ತಂಗಿಯ ಬದುಕು.

ಒಂದು ದಿನ ಗಿರಾಕಿಯೊಬ್ಬಳು ತಿಂದು ಬಿಟ್ಟ ಬಟ್ಟಲನ್ನೇ ತಂದು ತಂಗಿಯ ಮುಂದೆ ಕುಕ್ಕಿದಳು. ಚಿಪ್ಪಿನ ಮಾಂಸದಲ್ಲಿ ಎಳ್ಳಿನಷ್ಟು ನೀಲಿ ಪ್ಲಾಸ್ಟಿಕ್ ಚೂರುಗಳು! ಸುದ್ದಿ ಹಬ್ಬಿ ಹೋಟೆಲಿನವರೂ ಬೇಡವೆಂದರು. ಇನ್ನೊಂದು ದೂರು ಬಂದರೆ ಜಾಗ ಖಾಲಿ ಮಾಡಬೇಕೆಂದು ಮಾರುಕಟ್ಟೆಯ ಮೇಲ್ವಿಚಾರಕ ಹೇಳಿಹೋದ.

“ಇದು ಆ ತಕ್ಕಡಿಯದೇ ಕೆಲಸ,” ಎಂದಳು ಸೂಜಿಯಕ್ಕ. ತಕ್ಕಡಿ ಎಂದರೆ ಎದುರಿನ ಮೀನಂಗಡಿಯವನು. ಕತ್ತು ಒಂದು ಪಕ್ಕಕ್ಕೆ ವಾಲಿದ್ದರಿಂದ ಬಂದ ಹೆಸರು. “ನಿನ್ನ ವ್ಯಾಪಾರ ನೋಡಿ ಹೊಟ್ಟೆಕಿಚ್ಚು ಕಣೇ ಅವನಿಗೆ. ನೀನು ಆ ಕಡೆ ತಿರುಗಿದಾಗ ಉದುರಿಸ್ತಾನೆ.”

“ಇರಬಹುದು ಅಕ್ಕಾ,” ಎಂದಳು ತಂಗಿ, ಮುಖ ನೋಡದೆ.

ಸೂಜಿಯಕ್ಕ ಮರುದಿನ ಕೆಲಸ ಬಿಟ್ಟು ತಕ್ಕಡಿಯನ್ನು ಕಾಯುತ್ತ ಕುಳಿತಳು. ಅವನು ಕೈ ಒರೆಸಿಕೊಂಡರೂ ಅನುಮಾನ, ಒರೆಸದಿದ್ದರೂ ಅನುಮಾನ. ಕೊನೆಗೆ ತಡೆಯಲಾರದೆ ನಾಲ್ಕು ಜನರೆದುರು ಅವನ ಮಾನ ಹರಾಜು ಹಾಕಿದಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲಮ್ಮಾ!” ಎಂದ ಅವನು. “ಬೇಯಿಸದ ಚಿಪ್ಪು ಬಿಚ್ಚಿ ನೋಡು ಹೋಗು. ಬಾಯಿ ಮುಚ್ಚಿಕೊಂಡಿರೋ ಚಿಪ್ಪಿನೊಳಗೆ ನಾನು ಹೇಗೆ ತುರುಕಲಿ?”

ಸೂಜಿಯಕ್ಕ ಅಲ್ಲಿಂದ ಎದ್ದಳು. ತಂಗಿಯ ಬುಟ್ಟಿಯಿಂದ ಹಸಿ ಚಿಪ್ಪುಗಳನ್ನು ಎತ್ತಿಕೊಂಡು ದೋಣಿಕಟ್ಟೆಯ ಮೇಲಿನ ತನ್ನ ಕೋಣೆಗೆ ಬಂದಳು. ಬಾಗಿಲು ಹಾಕಿ, ಚಾಕು ತೂರಿಸಿ ಒಂದೊಂದನ್ನೇ ಬಿಚ್ಚಿದಳು. ಚೂರುಗಳು ಒಳಗೇ ಇದ್ದವು. ಒಂದರ ತುದಿ ಕರ್ರಗೆ ಸುಟ್ಟಿತ್ತು.

ಅಲ್ಲಿ ಬಲೆ ಹೊಲಿಯುವ ಉಳಿದವರೆಲ್ಲ ನೀಲಿ ಪ್ಲಾಸ್ಟಿಕ್ ನೂಲಿನ ತುದಿ ಬಿರಿಯದಿರಲೆಂದು ಎಂಜಲು ಹಚ್ಚಿ ಹೊಸೆಯುತ್ತಾರೆ. ಬೆಂಕಿಕಡ್ಡಿಯಿಂದ ಸುಟ್ಟು ಗಟ್ಟಿ ಮಾಡುವವಳು ಸೂಜಿಯಕ್ಕ ಒಬ್ಬಳೇ. ಗಂಟು ಬಿದ್ದ ಮೇಲೆ ಆ ತುದಿಯನ್ನು ಕತ್ತರಿಸಿ, ಸಂಜೆ ಎಲ್ಲವನ್ನೂ ಹಲಗೆಗಳ ಸಂದಿಯಿಂದ ನೀರಿಗೆ ಗುಡಿಸುತ್ತಿದ್ದಳು. ಕಡಲಿಗೆ ಅದೆಷ್ಟರ ಕಸ ಎಂಬ ಧೈರ್ಯ. ಕೆಳಗೆ ತಂಗಿ ಚಿಪ್ಪು ಕೀಳುವ ಕಂಬಗಳೇ ಇದ್ದವು. ನೀರಿನ ಜೊತೆ ಬಂದದ್ದನ್ನೆಲ್ಲ ಚಿಪ್ಪುಗಳು ಒಳಗೆ ಎಳೆದುಕೊಳ್ಳುತ್ತಿದ್ದವು.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಯಾರೋ ತನ್ನ ಕಸ ಕದ್ದಿದ್ದಾರೆ ಎಂದುಕೊಂಡಳು. ಕೋಣೆಯ ಇನ್ನೊಂದು ಕೀಲಿಕೈ ಇರುವುದು ಯಾರ ಹತ್ತಿರ? ತಂಗಿಯ ಹತ್ತಿರ! ಹಾಗೆ ಯೋಚಿಸಿದ ಮರುಕ್ಷಣವೇ ಹಲಗೆಗಳ ಸಂದಿ ಕಣ್ಣಿಗೆ ಬಿತ್ತು. ತನ್ನ ಅನುಮಾನಕ್ಕೆ ತಾನೇ ನಾಚಿ, ಸುಟ್ಟ ಚೂರು ಹಿಡಿದು ತಂಗಿಯ ಮನೆಗೆ ನಡೆದಳು.

ತಂಗಿ ಮನೆಯ ಹಿಂದೆ ಪಾತ್ರೆ ಉಜ್ಜುತ್ತಿದ್ದಳು.

“ಆ ನೂಲು ನಂದೇ ಕಣೇ,” ಎಂದಳು ಸೂಜಿಯಕ್ಕ.

“ಗೊತ್ತು. ಮೊದಲ ದಿನವೇ ಸುಟ್ಟ ತುದಿ ನೋಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ, ನಾನೇ ನಿನ್ನ ನೂಲು ಕದ್ದು ಹಾಕಿದೆ ಅಂತಿದ್ದೆ ನೀನು, ಅಕ್ಕಾ.”

ಇಲ್ಲವೆನ್ನಲು ಸೂಜಿಯಕ್ಕ ಬಾಯಿ ತೆರೆದಳು. ಇಲ್ಲವೆನ್ನಲು ಆಗಲಿಲ್ಲ.