ಮುದ್ದೆ ಚೆನ್ನಾಗಿದೆ, ಸಾರು ನೀರು

ಮಧುಗಿರಿಯಲ್ಲಿ ನಾನು ಊಟ ಮಾಡದ ಹೋಟೆಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೆಂಡತಿಗೆ ಕೆಲಸ ಇರುವುದು ಚಾಮರಾಜನಗರದ ಕಡೆಯ ಒಂದು ಶಾಲೆಯಲ್ಲಿ, ನನಗೆ ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ. ವರ್ಗಾವಣೆಗೆ ಇಬ್ಬರೂ ಅರ್ಜಿ ಹಾಕಿದ್ದೇವೆ. ಅವಳು ಈ ಕಡೆಗೆ, ನಾನು ಆ ಕಡೆಗೆ. ಎರಡೂ ಒಟ್ಟಿಗೆ ಮಂಜೂರಾದರೆ ಏನು ಗತಿ ಎಂದು ಯೋಚಿಸುವುದನ್ನು ಬಿಟ್ಟಿದ್ದೇವೆ. ನನಗೆ ಅಡುಗೆ ಬರುವುದಿಲ್ಲ. ಕಲಿಯಲು ಹೊರಟ ವಾರ ಮನೆ ಮಾಲೀಕರು ಎರಡು ಸಲ ಮೇಲೆ ಬಂದು, ಏನೂ ಮಾತಾಡದೆ ಕಿಟಕಿ ತೆಗೆದು ಹೋದರು.

ನಾನು ಪಾಠ ಮಾಡುವುದು ರಸಾಯನಶಾಸ್ತ್ರ. ಯಾವ ದ್ರಾವಣದಲ್ಲಿ ಎಷ್ಟು ನೀರಿದೆ ಎಂದು ಕಂಡುಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುತ್ತೇನೆ. ಹೀಗಾಗಿ ಊರಿನ ಹೋಟೆಲುಗಳ ಬಗ್ಗೆ ಮಾತಾಡುವ ಅರ್ಹತೆ ನನ್ನಷ್ಟು ಇನ್ನೊಬ್ಬರಿಗಿಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಜೊತೆಗೆ ನಾನು ನೇರ ಮಾತಿನವನು. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ, ಯಾರೂ ಅಲ್ಲವೆನ್ನಲಿಲ್ಲ.

ಪ್ರತಿ ವರ್ಷ ತರಗತಿಗಳು ಶುರುವಾದಾಗ ಹೊಸ ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ. ಮಿಡಿಗೇಶಿ, ಕೊರಟಗೆರೆ, ಪಾವಗಡದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳು. ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಬುತ್ತಿ ಆಗಿರುವುದಿಲ್ಲ. "ಸರ್, ಮಧ್ಯಾಹ್ನ ಎಲ್ಲಿ ತಿನ್ನೋದು?" ಎನ್ನುತ್ತಾರೆ. ಆ ವರ್ಷವೂ ಕೇಳಿದರು. ನಾನು ಸೀಮೆಸುಣ್ಣ ಕೆಳಗಿಟ್ಟು ಸಾವಕಾಶವಾಗಿ ಉತ್ತರ ಕೊಟ್ಟೆ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಏಳು ಗಂಟೆಗೆ ಇಡ್ಲಿ ಮೆತ್ತಗಿರುತ್ತದೆ. ಹತ್ತು ಗಂಟೆಗೂ ಅದೇ ಇಡ್ಲಿ ಇರುತ್ತದೆ. ಸಾಂಬಾರು ಸಿಹಿ. ಬೆಲ್ಲ ಯಾಕೆ ಇಷ್ಟು ಹಾಕುತ್ತೀರಿ ಎಂದು ಒಮ್ಮೆ ಕೇಳಿದ್ದೆ, ಬೆಲ್ಲವನ್ನೇ ಹಾಕುವುದಿಲ್ಲ ಎಂದರು. ಅಂದಿನಿಂದ ನಾನು ಅಲ್ಲಿ ಬರೀ ಚಟ್ನಿ ಹಾಕಿಸಿಕೊಳ್ಳುತ್ತೇನೆ. ಅದರ ಪಕ್ಕದ ದರ್ಶಿನಿಯಲ್ಲಿ ದೋಸೆಗೆ ಹೆಸರಿಡುವ ಹಾಗಿಲ್ಲ, ಆದರೆ ನಿಂತೇ ತಿನ್ನಬೇಕು, ಯಾಕೆಂದರೆ ಕೂರುವ ಜಾಗದಲ್ಲಿ ಮಾಲೀಕರ ಬೈಕು ನಿಲ್ಲುತ್ತದೆ. ಕಾಲೇಜು ಗೇಟಿನ ಬಳಿ ಗೋಬಿ ಮಂಚೂರಿ ಮತ್ತು ಎಗ್‌ ರೈಸಿನ ತಳ್ಳುಗಾಡಿ ಇದೆ. ಆ ಗೋಬಿಯ ಬಣ್ಣದ ಪುಡಿ ನನ್ನ ಲ್ಯಾಬಿನಲ್ಲಿದ್ದಿದ್ದರೆ ಕಪಾಟಿಗೆ ಬೀಗ ಹಾಕಿಡುತ್ತಿದ್ದೆ.

ಕೇಳಿದ್ದು ಮಧುಗಿರಿಯ ಬಗ್ಗೆ ಮಾತ್ರ. ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಪರೀಕ್ಷೆ ಡ್ಯೂಟಿಗೆ ಹೋದ ಊರುಗಳನ್ನೂ ಸೇರಿಸಿದೆ. ಸಿರಾದ ಬಿರಿಯಾನಿ ಹೋಟೆಲಿಗೆ ಹನ್ನೆರಡಕ್ಕೆ ಹೋದರೆ ಬಿರಿಯಾನಿ ಸಿಗುತ್ತದೆ, ಒಂದೂವರೆಗೆ ಹೋದರೆ ತುಂಡಿಲ್ಲದ ಬರೀ ಖುಷ್ಕಾ, ಎರಡು ಗಂಟೆಗೆ ಮಾಲೀಕರು "ಖತಂ ಸಾಬ್, ಕಲ್ ಆನಾ" ಎಂದು ನಗುನಗುತ್ತಾ ಬಾಗಿಲಿನಿಂದಲೇ ಕಳಿಸುತ್ತಾರೆ. ಪಾವಗಡದಲ್ಲಿ ಅನ್ನ, ಗಟ್ಟಿ ಬೇಳೆಯ ಪಪ್ಪು, ಕೆಂಪು ಖಾರದ ಪುಡಿ. ಬಡಿಸುವವರು "ಇಂಕಾ ಕಾವಾಲಾ ಸಾರ್?" ಎನ್ನುತ್ತಾರೆ. ಬೇಡ ಎನ್ನುವುದಕ್ಕೆ ತೆಲುಗಿನಲ್ಲಿ ಏನೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಎರಡನೇ ಸಲ ಪುಡಿ ಬಿದ್ದಿರುತ್ತದೆ. ನಾನು ಅಲ್ಲಿ ಡ್ಯೂಟಿಯ ಮೂರು ದಿನವೂ ಅಳುತ್ತಲೇ ಊಟ ಮಾಡಿದೆ. ಇನ್ನು ಕೊರಟಗೆರೆಯ ಕಡೆ ಸಿದ್ದರಬೆಟ್ಟದ ಬುಡದಲ್ಲಿ ಪೇಪರ್‌ ತಟ್ಟೆಯ ಚಿತ್ರಾನ್ನ ಸಿಗುತ್ತದೆ. ಹತ್ತುವ ಮುಂಚೆ ತಿಂದರೆ ಸಾಧಾರಣ, ಇಳಿದು ಬಂದು ತಿಂದರೆ ಅಮೃತ. ಅಡುಗೆಯವರದ್ದು ಅದರಲ್ಲಿ ಏನೂ ಇಲ್ಲ.

ಮಕ್ಕಳು ನಗುತ್ತಿದ್ದರು. ನನಗೂ ಹುರುಪು ಬಂದಿತ್ತು. ಆಗ ಯಾರೋ ಕೋಟೆ ಬೆಟ್ಟದ ಕಡೆಯ ಬೀದಿಯ ಮೆಸ್ಸಿನ ಬಗ್ಗೆ ಕೇಳಿದರು.

ಆ ಮೆಸ್ಸು ಒಬ್ಬ ಹೆಂಗಸಿನದು. ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಸ್ವಂತ ಮನೆಯ ಮುಂಭಾಗಕ್ಕೆ ಶೀಟು ಹೊದಿಸಿ, ನಾಲ್ಕು ಬೆಂಚು ಹಾಕಿ, ಒಬ್ಬರೇ ಬೇಯಿಸಿ ಒಬ್ಬರೇ ಬಡಿಸುತ್ತಿದ್ದರು. ಬೋರ್ಡಿಲ್ಲ, ಮೆನು ಇಲ್ಲ. ಮುದ್ದೆ, ಸಾರು, ಒಂದಿಷ್ಟು ಅನ್ನ, ಮಜ್ಜಿಗೆ. ಒಂದು ದಿನ ಹುರುಳಿ ಸಾರು, ಒಂದು ದಿನ ಬಸ್ಸಾರು, ಕಾಲ ಬಂದಾಗ ಅವರೆಕಾಳು. ನಾನು ವಾರದಲ್ಲಿ ನಾಲ್ಕು ದಿನ ಅಲ್ಲೇ ಉಣ್ಣುತ್ತಿದ್ದೆ. ಲ್ಯಾಬು ಮುಗಿಸಿ ಹೋಗುವಾಗ ಎರಡೂಕಾಲು ಆಗುತ್ತಿತ್ತು. ಮುದ್ದೆ ಹೊಗೆಯಾಡುತ್ತಾ ತಟ್ಟೆಗೆ ಬೀಳುತ್ತಿತ್ತು, ಒಂದು ದಿನವೂ ಗಂಟಿರಲಿಲ್ಲ. ಸಾರು ಮಾತ್ರ ತಟ್ಟೆಯ ಅಂಚಿಗೆ ಓಡುತ್ತಿತ್ತು. ತಟ್ಟೆಯನ್ನು ಒಂದು ಕಡೆ ಎತ್ತಿ ಹಿಡಿದು ಉಣ್ಣುವ ಅಭ್ಯಾಸ ನನಗೆ ಅಲ್ಲಿಯೇ ಆಗಿದ್ದು.

"ಮುದ್ದೆ ಚೆನ್ನಾಗಿದೆ, ಸಾರು ನೀರು" ಎಂದೆ. ಅಷ್ಟೇ ಹೇಳಿದ್ದರೆ ಆಗುತ್ತಿತ್ತು. "ಆ ಸಾರಿನಲ್ಲಿ ಬೇಳೆ ಹುಡುಕುವುದನ್ನೇ ಒಂದು ಪ್ರಾಕ್ಟಿಕಲ್‌ ಮಾಡಬಹುದು" ಎಂದೂ ಸೇರಿಸಿದೆ. ಅವತ್ತಿನ ಅತಿ ದೊಡ್ಡ ನಗು ಅದಕ್ಕೇ ಬಂತು.

ಮುಂದಿನ ಬೆಂಚಿನಲ್ಲಿ ಮಿಡಿಗೇಶಿಯ ಒಬ್ಬ ಹುಡುಗಿ ಕೂತಿದ್ದಳು. ಪಾಠದ ನೋಟ್ಸು ಬರೆಯದವಳು ಇದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡು, ಸಂಜೆ ಬಸ್ಸಿನಲ್ಲಿ ಕೂತು ಟೈಪು ಮಾಡಿ, ಕಾಲೇಜಿನ ಗ್ರೂಪಿಗೆ ಹಾಕಿದಳು. 'ನಮ್ಮ ಸರ್ ಹೇಳಿದ್ದು' ಎಂದು ಮೇಲೆ ಬರೆದಿದ್ದಳು. ಮಾರನೇ ದಿನ ಸ್ಟಾಫ್‌ ರೂಮಿನಲ್ಲಿ ಕನ್ನಡ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಕೈ ಕುಲುಕಿದರು. ನಾನು ಬೇಡವೆನ್ನಲಿಲ್ಲ.

ಎರಡು ತಿಂಗಳಲ್ಲಿ ನನ್ನ ಮಾತಿನ ಫಲ ಕಣ್ಣಿಗೆ ಕಾಣಿಸಿತು. ಬಸ್ ನಿಲ್ದಾಣದ ಸಾಂಬಾರು ಸಿಹಿಯಾಗಿಯೇ ಉಳಿಯಿತು, ದರ್ಶಿನಿಯ ಬೈಕು ಅಲ್ಲೇ ಇತ್ತು. ಆದರೆ ಅಕ್ಕನ ಸಾರು ಬದಲಾಗಿತ್ತು. ಹುರುಳಿ ಸಾರು ಹಾಕಿದರೆ ಹಾಕಿದಲ್ಲೇ ನಿಲ್ಲುತ್ತಿತ್ತು. ಬಸ್ಸಾರಿನಲ್ಲಿ ಬೆಳ್ಳುಳ್ಳಿ, ಮೆಣಸು, ಕಾಯಿ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತಿದ್ದವು. ಆ ಊರಿನಲ್ಲಿ ಅಂಥ ಸಾರನ್ನು ನಾನು ಬೇರೆಲ್ಲೂ ಉಂಡಿಲ್ಲ. ನೇರವಾಗಿ ಹೇಳಿದರೆ ಜನ ತಿದ್ದಿಕೊಳ್ಳುತ್ತಾರೆ ಎಂದು ಸ್ಟಾಫ್‌ ರೂಮಿನಲ್ಲಿ ಹೇಳಿದೆ. ಹೆಂಡತಿಗೂ ಫೋನಿನಲ್ಲಿ ಹೇಳಿದೆ. "ಸದ್ಯ, ಒಬ್ಬರಾದರೂ ನಿಮ್ಮ ಮಾತು ಕೇಳಿದರಲ್ಲ" ಎಂದಳು.

ಒಳ್ಳೆಯದನ್ನೂ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ನಿಯಮ. ಒಂದು ಮಧ್ಯಾಹ್ನ ಊಟ ಮುಗಿಸಿ, "ಅಕ್ಕ, ಈಚೆಗೆ ಸಾರು ತುಂಬಾ ಚೆನ್ನಾಗಿದೆ" ಎಂದೆ.

ಅಕ್ಕ ಬೆಂಚು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಉಣ್ಣೋರೇ ಇಲ್ವಲ್ಲ ಮೇಷ್ಟ್ರೇ. ಇನ್ಯಾರ್ಗೆ ಅಂತ ನೀರು ಉಯ್ಲಿ?"

ನನಗೆ ಅರ್ಥವಾಗಲಿಲ್ಲ. ಸುತ್ತ ನೋಡಿದೆ. ನಾಲ್ಕು ಬೆಂಚಿನಲ್ಲಿ ನಾನೊಬ್ಬನೇ ಇದ್ದೆ. ನಿಜ ಹೇಳಬೇಕೆಂದರೆ ಕೆಲವು ವಾರಗಳಿಂದ ನಾನೊಬ್ಬನೇ ಇರುತ್ತಿದ್ದೆ, ಗಲಾಟೆಯಿಲ್ಲದೆ ಆರಾಮಾಗಿದೆ ಎಂದುಕೊಂಡು ಉಣ್ಣುತ್ತಿದ್ದೆ.

"ಒಂದು ಗಂಟೆ ತಂಕ ಬಂದೋರ್ಗೆ ಯಾವಾಗ್ಲೂ ಹಿಂಗೇ ಗಟ್ಟಿ ಸಾರೇ ಹಾಕ್ತಿದ್ದೆ" ಎಂದರು. "ಎಲ್ಡು ಗಂಟೆ ಮೇಲೆ ಲ್ಯಾಬು ಹುಡುಗ್ರು ಬರೋವು. ಒಂದಿನ ಐದು ಜನ, ಒಂದಿನ ಇಪ್ಪತ್ತು. ಎಷ್ಟು ಬತ್ತಾವೆ ಅಂತ ಎಂಗ್‌ ಗೊತ್ತಾಗ್ಬೇಕು? ಮುದ್ದೆ ಆದ್ರೆ ಹತ್ತು ನಿಮಿಷಕ್ಕೆ ಹಿಟ್ಟು ತೊಳಸ್ಬುಡ್ಬೋದು. ಸಾರು ಆಯ್ತದಾ? ಅದ್ಕೇ ಬಿಸ್ನೀರು ಉಯ್ದು, ಉಪ್ಪು ಖಾರ ಹಾಕಿ ಇನ್ನೊಂದ್‌ ಕುದಿ ಕುದಿಸ್ಬುಡ್ತಿದ್ದೆ. ಇಲ್ಲ ಅಂದ್ರೆ ಆ ಮಕ್ಳು ಸಂಜೆ ಬಸ್ಸಿಳಿಯೋ ತಂಕ ಉಪಾಸ ಇರ್ಬೇಕಲ್ಲ."

ಲ್ಯಾಬು ಟೈಂಟೇಬಲ್‌ ಪ್ರಕಾರ ಒಂದು ಗಂಟೆಗೆ ಮುಗಿಯಬೇಕು. ಕೊನೆಯ ಹನಿಗೆ ಬಣ್ಣ ಸರಿಯಾಗಿ ತಿರುಗುವವರೆಗೆ ಯಾರನ್ನೂ ಹೊರಗೆ ಬಿಡದವನು ನಾನು. ಆ ಮಕ್ಕಳನ್ನು ಎರಡು ಗಂಟೆಗೆ ಹಸಿದು ಬರುವಂತೆ ಮಾಡುತ್ತಿದ್ದವನೂ ನಾನೇ, ಅವರ ಹಿಂದೆಯೇ ಬಂದು ನೀರಾದ ಸಾರನ್ನು ಉಂಡು ತೀರ್ಪು ಕೊಟ್ಟವನೂ ನಾನೇ. ಬೀಕರಿನಲ್ಲಿದ್ದರೆ ನೀರು ಯಾಕೆ ಸೇರಿತು ಎಂದು ಮೊದಲು ಕೇಳುತ್ತಿದ್ದೆ.

"ಈ ವರ್ಷ ಯಾಕಂತೆ ಯಾರೂ ಬರುತ್ತಿಲ್ಲ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ಹಳೇ ಮಕ್ಳಲ್ಲಿ ಅರ್ಧ ಪಾಸಾಗಿ ಹೋದ್ವು. ಉಳಿದವೂ ಹೊಸವೂ ಈ ಕಡೀಕೇ ತಿರುಗ್ಲಿಲ್ಲ. ಯಾರೋ ಮೇಷ್ಟ್ರು ಸಾರು ಚೆನ್ನಾಗಿಲ್ಲ ಅಂದವ್ರಂತೆ. ಇರ್ಲಿ ಬುಡಿ. ದೀಪಾವಳಿ ಕಳೀಲಿ ಅಂತ ನೋಡ್ತಿವ್ನಿ. ಆಮೇಲೆ ಇದ್ನ ಮುಚ್ಬುಟ್ಟು ಗಾರ್ಮೆಂಟ್ಸ್‌ಗೆ ಹೋಗ್ಬುಡ್ತೀನಿ."

ನಾನು ಕೈ ತೊಳೆದು ಹೊರಟೆ. ನೇರ ಮಾತಿನವನು ಅಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ದೀಪಾವಳಿಗೆ ಮೂರು ವಾರ ಉಳಿದಿತ್ತು.

ಮೊದಲು ಒಂದು ತಿದ್ದುಪಡಿ ಬರೆದೆ. ಸಾರು ಯಾಕೆ ನೀರಾಗುತ್ತದೆ ಎಂಬುದನ್ನು ಕಾರಣ, ಪರಿಣಾಮ ಎಲ್ಲ ಸೇರಿಸಿ ಎರಡು ಪುಟ ಬರೆದು, ಮಿಡಿಗೇಶಿಯ ಹುಡುಗಿಗೆ ಕೊಟ್ಟೆ. ಅವಳು ನಿಯತ್ತಾಗಿ ಗ್ರೂಪಿಗೆ ಹಾಕಿದಳು. ಬೇಳೆಯ ಜೋಕನ್ನು ಊರೆಲ್ಲ ಓದಿತ್ತು, ಇದನ್ನು ಯಾರೂ ಪೂರ್ತಿ ಓದಲಿಲ್ಲ. ಒಬ್ಬ ಹುಡುಗ ಕೆಳಗೆ ಬರೆದಿದ್ದ: 'ಸರ್‌ಗೆ ಅಲ್ಲಿ ಊಟ ಫ್ರೀ ಅನ್ಸುತ್ತೆ.' ಆ ಹುಡುಗಿಯೇ ಬಂದು, "ಬರ್ದಿದ್ದಕ್ಕೆ ಯಾರೂ ಬರಲ್ಲ ಸರ್. ನೀವೇ ಕರ್ಕಂಡೋಗಿ" ಎಂದಳು.

ಮಾರನೇ ದಿನ ಲ್ಯಾಬಿತ್ತು. ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ, ಬಣ್ಣ ತಿರುಗದಿದ್ದವರನ್ನೂ ಸೇರಿಸಿ, ಎಲ್ಲರನ್ನೂ ಒಂದೂವರೆಗೇ ಎಬ್ಬಿಸಿದೆ. ಊಟಕ್ಕೆ ಹೋಗೋಣ ನಡೀರಿ ಎಂದೆ. ಅವರು ಇದೂ ಪರೀಕ್ಷೆಯ ಭಾಗವಿರಬೇಕೆಂದು ಮುಖ ಮುಖ ನೋಡಿಕೊಂಡರು. ಇಪ್ಪತ್ತೆರಡು ಜನ ನನ್ನ ಹಿಂದೆ ಸಾಲಾಗಿ ಬೀದಿಯಲ್ಲಿ ಬಂದರು. ಎಗ್‌ ರೈಸಿನವರು ಸೌಟು ಹಿಡಿದುಕೊಂಡೇ ನೋಡುತ್ತಾ ನಿಂತರು.

ಅಕ್ಕ ಬಾಗಿಲಿಗೆ ಬಂದು ತಲೆಗಳನ್ನು ಎಣಿಸಿದರು. ಒಳಗೆ ಹೋಗಿ ಹಿಟ್ಟಿಗೆ ಎಸರಿಟ್ಟರು. ಆಮೇಲೆ ಇನ್ನೊಂದು ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಎತ್ತಿ, ಸಾರಿನ ಪಾತ್ರೆಗೆ ಧಾರೆಯಾಗಿ ಸುರಿದರು. ಉಪ್ಪು ಹಾಕಿದರು, ಖಾರದ ಪುಡಿ ಹಾಕಿದರು, ತಿರುವಿ ಮುಚ್ಚಿದರು. ಅದನ್ನು ನೋಡುತ್ತಾ ನನಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದಲ್ಲಿದ್ದ ಹುಡುಗನ ಭುಜ ಹಿಡಿದುಬಿಟ್ಟಿದ್ದೆ. ಅವನು ಗಾಬರಿಯಾದ.

ಮಕ್ಕಳು ಉಂಡರು. ಇಬ್ಬರು ಮುದ್ದೆಯನ್ನು ಮತ್ತೆ ಹಾಕಿಸಿಕೊಂಡರು. ಸಾರು ನೀರಾಗಿದೆ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು, ಮಿಡಿಗೇಶಿಯ ಹುಡುಗಿ "ಸುಮ್ನೆ ಉಣ್ಲಾ" ಎಂದು ಗದರಿದ್ದೂ ಕೇಳಿಸಿತು. ಎಲ್ಲರೂ ಹೋದ ಮೇಲೆ ನಾನು ಉಳಿದೆ.

"ಅಕ್ಕ, ಆ ಮೇಷ್ಟ್ರು ನಾನೇ" ಎಂದೆ.

"ಗೊತ್ತು" ಎಂದರು. "ನಮ್ಮಕ್ಕನ ಮಗ್ಳು ನಿಮ್‌ ಕಾಲೇಜ್ನಾಗೇ ಓದ್ತಾಳೆ, ಗ್ರೂಪಿಗೆ ಬಂದಿದ್ದ ಅವತ್ತೇ ಓದಿ ಹೇಳಿದ್ಲು."

ಅವತ್ತಿನಿಂದ ಇವತ್ತಿನವರೆಗೆ ಅವರ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೆ ಎಂದು ಲೆಕ್ಕ ಹಾಕಲು ಮನಸ್ಸು ಬರಲಿಲ್ಲ. "ಗೊತ್ತಿದ್ದೂ ನನಗೆ ಊಟ ಹಾಕಿದಿರಾ?" ಎಂದೆ.

"ಎಲ್ಡು ಗಂಟೆ ದಾಟಿರೋದು, ಹಸ್ಕಂಡ್‌ ಬಂದಿರೋರು. ಏನಂತ ವಾಪಸ್‌ ಕಳ್ಸನ ಮೇಷ್ಟ್ರೇ?" ಎಂದರು. ಕೋಪವಿರಲಿಲ್ಲ. ಅದಿದ್ದಿದ್ದರೇ ಒಳ್ಳೆಯದಿತ್ತು ಎಂದು ನನಗನ್ನಿಸಿತು.

ನಾನು ಏನೋ ಹೇಳಲು ಹೊರಟೆ. ಅವರು ಕೇಳಿಸಿಕೊಳ್ಳುವ ಹಾಗೆ ಕಾಣಲಿಲ್ಲ, ನಾಳೆ ಲ್ಯಾಬು ಇದೆಯಾ ಎಂದು ಕೇಳಿದರು. ಇನ್ನೊಂದು ಬ್ಯಾಚಿದೆ, ಹದಿನೆಂಟು ಜನ ಎಂದೆ. ಅಕ್ಕ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಬಗ್ಗಿ ನೋಡಿದರು. "ಇದು ಸಾಲಲ್ಲ. ಸಂಜೇಕೆ ಮಿಲ್ಲಿಗೆ ಹೋಗಿ ರಾಗಿ ಬೀಸಿಸ್ಕಂಡು ಬರ್ಬೇಕು" ಎಂದರು.